56 ವರ್ಷದ ತಾಯಿಯವರ ಮಂಡಿಗೆ ಆರ್ತ್ರೋಸ್ಕೋಪಿ ಮಾಡಿಸುವುದು ಅಗತ್ಯವೇ?

ತೋಟದಮನೆ (ಸಾಗರ):

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ 56 ವರ್ಷ. ಹಿಂದಿನ ಅಡಕೆ ಸುಗ್ಗಿಯ ಹೊತ್ತಿನಿಂದ ಅವರ ಬಲಮಂಡಿಯ ಒಳಪಕ್ಕದಲ್ಲಿ ನೋವಿದೆ. ಮೆಟ್ಟಿಲಿಳಿಯುವಾಗ, ಅಡಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಬಹಳ ಹೊತ್ತು ಕುಳಿತು ಏಳುವಾಗ ಅದು ಹೆಚ್ಚಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ನಡೆಯಲು ಅಂಥ ತೊಂದರೆಯಿಲ್ಲ. ಬಿದ್ದದ್ದಾಗಲಿ ಪೆಟ್ಟು ತಗುಲಿದ್ದಾಗಲಿ ಅವರಿಗೆ ನೆನಪಿಲ್ಲ. ಮೊದಲು ಎಣ್ಣೆ ಹಚ್ಚಿ ಶಾಖ ಕೊಟ್ಟದ್ದಾಯಿತು, ಆಮೇಲೆ ನೋವಿನ ಮಾತ್ರೆಗಳಾದವು. ಮಾತ್ರೆ ನಿಲ್ಲಿಸಿದೊಡನೆ ನೋವು ಮರಳಿ ಬರುತ್ತದೆ.

ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದಾಗ ಎಂಆರ್‌ಐ ಮಾಡಿಸಲು ಹೇಳಿದರು. ಒಳಪಕ್ಕದ ಮೆನಿಸ್ಕಸ್ ಎಂಬ ಮೆತ್ತೆಯ ಹಿಂಭಾಗ ಗ್ರೇಡ್ 3 ಮಟ್ಟದಲ್ಲಿ ಹರಿದಿದೆ, ಮೃದ್ವಸ್ಥಿ (ಮೂಳೆಯ ತುದಿಯ ನುಣುಪಾದ ಹೊದಿಕೆ) ಅಲ್ಲಲ್ಲಿ ಸವೆದಿದೆ, ಕೀಲಿನಲ್ಲಿ ಸ್ವಲ್ಪ ನೀರು ತುಂಬಿದೆ ಎಂದು ವರದಿಯಲ್ಲಿದೆ. ಆರ್ತ್ರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕೀಲಿನೊಳಗೆ ಕ್ಯಾಮೆರಾ ಇಳಿಸುವ ಶಸ್ತ್ರಚಿಕಿತ್ಸೆ, ಮಾಡಿ ಹರಿದ ಭಾಗವನ್ನು ತೆಗೆದುಬಿಡೋಣ, ಎರಡು ಸಣ್ಣ ತೂತುಗಳಷ್ಟೇ, ಮರುದಿನವೇ ಮನೆಗೆ ಹೋಗಬಹುದು ಎಂದು ವೈದ್ಯರು ಸಲಹೆ ಕೊಟ್ಟಿದ್ದಾರೆ. ಇಷ್ಟು ಸಣ್ಣ ಶಸ್ತ್ರಚಿಕಿತ್ಸೆಗೆ ಯೋಚನೆ ಏಕೆ ಎಂದು ಮನೆಯಲ್ಲಿ ಕೆಲವರೂ, ಮಂಡಿಗೆ ಕತ್ತರಿ ತಾಗಿಸಿದರೆ ಮುಗಿಯಿತು ಎಂದು ಇನ್ನು ಕೆಲವರೂ ಹೇಳುತ್ತಿದ್ದಾರೆ. ಹರಿದದ್ದನ್ನು ಹಾಗೆಯೇ ಬಿಟ್ಟರೆ ಅದು ಇನ್ನಷ್ಟು ಹರಿಯುತ್ತದೆಯೇ? ಈಗ ಮಾಡಿಸಿಕೊಂಡರೆ ಮುಂದೆ ಮಂಡಿ ಬದಲಿಸುವ ಪ್ರಸಂಗ ತಪ್ಪುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.


ಎಲುಬುವೈದ್ಯ (ದಾವಣಗೆರೆ):

ತಾಯಿಯವರ ಮಂಡಿಯನ್ನು ಕೈಯಿಂದ ಪರೀಕ್ಷಿಸದೆ ಕೊನೆಯ ಮಾತು ಹೇಳಲು ಯಾರಿಗೂ ಆಗದು. ನೀವು ಬರೆದಿರುವಷ್ಟರ ಆಧಾರದ ಮೇಲೆ ಹೇಳುವುದಾದರೆ, ಈ ಶಸ್ತ್ರಚಿಕಿತ್ಸೆಗೆ ಅವಸರಪಡುವ ಕಾರಣ ನನಗೆ ಕಾಣುತ್ತಿಲ್ಲ. ಏಕೆಂದು ವಿವರಿಸುತ್ತೇನೆ.

ತೊಡೆಯ ಮೂಳೆಯ ಕೆಳತುದಿ ಗುಂಡಗಿದೆ; ಅದು ಕೂರುವ ಕಣಕಾಲಿನ ಮೂಳೆಯ ಮೇಲ್ಭಾಗ ಹೆಚ್ಚುಕಡಿಮೆ ಚಪ್ಪಟೆಯಾಗಿದೆ. ತಲೆಗೂ ಕೊಡದ ಬುಡಕ್ಕೂ ನಡುವೆ ಸಿಂಬೆ ಇರುವಂತೆ ಈ ಎರಡು ಮೂಳೆಗಳ ನಡುವೆ ಒಳಪಕ್ಕಕ್ಕೊಂದು, ಹೊರಪಕ್ಕಕ್ಕೊಂದು ಅರ್ಧಚಂದ್ರಾಕಾರದ ಮೆತ್ತೆಗಳಿದ್ದು, ಮೈಭಾರವನ್ನು ಅಗಲವಾಗಿ ಹಂಚುವುದೇ ಅವುಗಳ ಕೆಲಸ. ಅವನ್ನೇ ಮೆನಿಸ್ಕಸ್ ಎನ್ನುತ್ತಾರೆ. ಅದರ ಹೊರ ಅಂಚಿಗೆ ಮಾತ್ರ ರಕ್ತ ಪೂರೈಕೆಯಿದೆ. ಒಳಭಾಗಕ್ಕೆ ಇಲ್ಲವಾದ್ದರಿಂದ ಅಲ್ಲಿ ಆದ ಸೀಳು ತಾನಾಗಿ ಕೂಡಿಕೊಳ್ಳುವುದು ವಿರಳ. ಇಪ್ಪತ್ತರ ಹರೆಯದಲ್ಲಿ ಕಾಲು ತಿರುಚಿ ಒಮ್ಮೆಲೇ ಹರಿಯುವುದು ಒಂದು ಬಗೆ. ಐವತ್ತರ ನಂತರ ಮೆತ್ತೆ ಒಣಗಿ, ಎಳೆ ಬಿಟ್ಟು, ತನ್ನಷ್ಟಕ್ಕೆ ಸೀಳುವುದು ಬೇರೆಯೇ ಬಗೆ. ಎಂಆರ್‌ಐ ವರದಿಯಲ್ಲಿ ಇವೆರಡಕ್ಕೂ ಒಂದೇ ಹೆಸರು ಬರುತ್ತದೆ. ಗ್ರೇಡ್ 3 ಎಂದರೆ ಸೀಳು ಮೆತ್ತೆಯ ಮೇಲ್ಮೈಯನ್ನು ಮುಟ್ಟಿದೆ ಎಂದಷ್ಟೇ ಅರ್ಥ. ಅದು ರೋಗದ ತೀವ್ರತೆಯ ಅಂಕವೆಂದು ತಿಳಿದು ಗಾಬರಿಯಾಗುವವರನ್ನು ನಾನು ದಿನವೂ ನೋಡುತ್ತೇನೆ.

ಆ ಸೀಳೇ ನೋವಿಗೆ ಕಾರಣ ಎಂದು ಹೇಳುವುದು ಇನ್ನೂ ಕಷ್ಟ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವರ್ಷದೊಳಗಿನ 991 ಜನರನ್ನು, ಮಂಡಿನೋವು ಇದೆಯೋ ಇಲ್ಲವೋ ಎಂದು ನೋಡದೆ ಆರಿಸಿ, ಎಂಆರ್‌ಐ ಮಾಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಮೆನಿಸ್ಕಸ್ ಹರಿದಿದ್ದವರ ಪೈಕಿ ಶೇಕಡಾ 61ರಷ್ಟು ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಆ ಮಂಡಿಯಲ್ಲಿ ನೋವೇ ಇರಲಿಲ್ಲ. ಅಂದರೆ ತಾಯಿಯವರ ಎಡಮಂಡಿಯನ್ನು ಎಂಆರ್‌ಐ ಮಾಡಿದರೂ ಇಂಥದೇ ಸೀಳು ಕಂಡರೆ ನಾನು ಆಶ್ಚರ್ಯಪಡುವುದಿಲ್ಲ.

ಬಿಟ್ಟರೆ ಹೆಚ್ಚು ಹರಿಯುತ್ತದೆಯೇ ಎಂದು ಕೇಳಿದ್ದೀರಿ. ಸವೆತದಿಂದಾದ ಸೀಳು ಕೆಲವೊಮ್ಮೆ ನಿಧಾನವಾಗಿ ಬೆಳೆಯಬಹುದು, ಆದರೆ ಕಾದದ್ದರಿಂದ ಮಂಡಿ ಕೈಬಿಟ್ಟುಹೋಗುವ ಅಪಾಯ ಇದರಲ್ಲಿಲ್ಲ. ಕತ್ತರಿಸಿ ತೆಗೆದಷ್ಟೂ ಭಾರ ಹಂಚುವ ಜಾಗ ಕಡಿಮೆಯಾಗಿ ಮೃದ್ವಸ್ಥಿಯ ಮೇಲೆ ಒತ್ತಡ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು. ಮೆನಿಸ್ಕಸ್ ತೆಗೆಸಿಕೊಂಡವರ ಮಂಡಿಯ ಎಕ್ಸ್‌ರೇಯಲ್ಲಿ ಕಾಣುವ ಸವಕಳಿಯ ಗುರುತುಗಳನ್ನು ಫೇರ್‌ಬ್ಯಾಂಕ್ ಎಂಬ ವೈದ್ಯರು 1948ರಷ್ಟು ಹಿಂದೆಯೇ ದಾಖಲಿಸಿದ್ದರು. ಆಗ ತೆಗೆಯುತ್ತಿದ್ದುದು ಇಡೀ ಮೆತ್ತೆಯನ್ನು, ಈಗ ಹರಿದ ಅಂಚನ್ನು ಮಾತ್ರ. ಆದರೂ ದಿಕ್ಕು ಅದೇ. ಆದ್ದರಿಂದ ಈ ಶಸ್ತ್ರಚಿಕಿತ್ಸೆಯಿಂದ ಮಂಡಿ ಬದಲಾವಣೆ ತಪ್ಪುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಬಾರದು.

ನೀವು ಉತ್ತರಿಸಬೇಕಾದ ಎರಡು ಪ್ರಶ್ನೆಗಳಿವೆ. ಮೊದಲನೆಯದು, ಮಂಡಿ ಎಂದಾದರೂ ಸಿಕ್ಕಿಹಾಕಿಕೊಂಡು, ನೆಟ್ಟಗೆ ಮಾಡಲು ಆಗಲೇ ಇಲ್ಲವೆಂಬ ಸ್ಥಿತಿ ಬಂದಿತ್ತೇ? ಕಟಕಟ ಸದ್ದಿನ ಬಗ್ಗೆ ನಾನು ಕೇಳುತ್ತಿಲ್ಲ. ಅದು ಈ ವಯಸ್ಸಿನಲ್ಲಿ ಬಹುಪಾಲು ಮಂಡಿಗಳಲ್ಲಿ ಕೇಳಿಸುತ್ತದೆ. ಎರಡನೆಯದು, ನೋವು ಆರಂಭವಾದದ್ದು ಕುಕ್ಕರಗಾಲಿನಲ್ಲಿ ಕುಳಿತು ಏಳುವಾಗಲೋ ಮೆಟ್ಟಿಲಿಳಿಯುವಾಗಲೋ ಮಂಡಿಯ ಹಿಂಭಾಗದಲ್ಲಿ ‘ಟಕ್’ ಎಂದಂತಾಗಿ, ಒಮ್ಮೆಲೇ ತೀವ್ರವಾಗಿಯೇ? ನೆಲದ ಮೇಲೆ ಕುಳಿತು ಕೆಲಸ ಮಾಡುವ ನಮ್ಮ ಕಡೆಯ ನಡುವಯಸ್ಸಿನ ಮಹಿಳೆಯರಲ್ಲಿ ಮೆನಿಸ್ಕಸ್ ಮೂಳೆಗೆ ಅಂಟಿಕೊಂಡಿರುವ ತುದಿ, ಅಂದರೆ ಅದರ ಬೇರು, ಕಿತ್ತುಬರುವುದುಂಟು. ಬೇರು ಕಿತ್ತರೆ ಇಡೀ ಮೆತ್ತೆ ಜಾಗಬಿಟ್ಟು ಹೊರಕ್ಕೆ ಸರಿಯುತ್ತದೆ, ಮಂಡಿ ಬೇಗ ಸವೆಯುತ್ತದೆ. ಅಂಥವರಲ್ಲಿ ಮೃದ್ವಸ್ಥಿ ಇನ್ನೂ ಚೆನ್ನಾಗಿದ್ದರೆ ಬೇರನ್ನು ಮತ್ತೆ ಮೂಳೆಗೆ ಹೊಲಿಯುವ ಆರ್ತ್ರೋಸ್ಕೋಪಿಯನ್ನು ತಡಮಾಡದೆ ಯೋಚಿಸಬೇಕು. ವರದಿಯಲ್ಲಿ ಬೇರಿನ ಬಗ್ಗೆ ಏನು ಬರೆದಿದ್ದಾರೆ ನೋಡಿ ತಿಳಿಸಿ.


ಹಳೇ ರೈಡರ್ (ಮಂಡ್ಯ):

ವೈದ್ಯರು ಹೇಳಿದ ಮೊದಲ ಪ್ರಶ್ನೆಗೆ ನನ್ನ ಮಂಡಿಯೇ ಉದಾಹರಣೆ. ನಾನು ಕಬಡ್ಡಿ ಆಡುತ್ತಿದ್ದ ಕಾಲದಲ್ಲಿ ರೈಡ್ ಹೋಗಿ ತಿರುಗುವಾಗ ಕಾಲು ನೆಲಕ್ಕೆ ಕಚ್ಚಿ, ಮೈ ಒಂದು ಕಡೆ, ಮಂಡಿ ಒಂದು ಕಡೆ ಆಗಿ ಬಿದ್ದೆ. ಸಂಜೆಯೊಳಗೆ ಮಂಡಿ ಊದಿತು. ಊತ ಇಳಿದ ಮೇಲೂ ಕಾಲನ್ನು ಪೂರ್ತಿ ಚಾಚಲು ಆಗುತ್ತಿರಲಿಲ್ಲ. ಒಳಗೆ ಏನೋ ಅಡ್ಡ ನಿಂತಂತೆ ತಡೆಯುತ್ತಿತ್ತು. ಎಸಿಎಲ್ ಎಂಬ ಮುಂದಿನ ಅಡ್ಡ ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಕಟ್ಟು) ತುಂಡಾಗಿದೆ, ಜೊತೆಗೆ ಮೆನಿಸ್ಕಸ್ ಉದ್ದುದ್ದಕ್ಕೆ ಸೀಳಿ, ಬಕೆಟ್ಟಿನ ಹಿಡಿಯಂತೆ ಮಡಚಿ ಕೀಲಿನ ನಡುವೆ ಸಿಕ್ಕಿಕೊಂಡಿದೆ ಎಂದು ಎಂಆರ್‌ಐಯಲ್ಲಿ ತಿಳಿಯಿತು. ಅದನ್ನು ವ್ಯಾಯಾಮದಿಂದ ಸರಿಪಡಿಸಲು ಬಾರದು ಎಂದು ನಾನು ತೋರಿಸಿಕೊಂಡ ವೈದ್ಯರೆಲ್ಲರೂ ಒಂದೇ ಮಾತು ಹೇಳಿದರು.

ಸೊಂಟಕ್ಕೆ ಅರಿವಳಿಕೆ ಕೊಟ್ಟಿದ್ದರಿಂದ ನಾನು ಎಚ್ಚರವಾಗಿದ್ದು ಪರದೆಯ ಮೇಲೆ ನನ್ನದೇ ಮಂಡಿಯನ್ನು ನೋಡಿದೆ. ಮಂಡಿಚಿಪ್ಪಿನ ಕೆಳಗೆ, ಅಕ್ಕಪಕ್ಕದಲ್ಲಿ ಎರಡು ತೂತು. ಒಂದರಲ್ಲಿ ಪೆನ್ಸಿಲಿಗಿಂತ ಸಣ್ಣ, ಸುಮಾರು 4 ಮಿಲಿಮೀಟರ್ ದಪ್ಪದ ಕ್ಯಾಮೆರಾ ನಳಿಗೆ, ಇನ್ನೊಂದರಲ್ಲಿ ಸಲಕರಣೆ. ಕೀಲು ಅಗಲವಾಗಲೆಂದು ಸಲೈನ್ ನೀರು ಹರಿಸುತ್ತಲೇ ಇರುತ್ತಾರೆ. ಮಡಚಿದ ಮೆನಿಸ್ಕಸ್ಸನ್ನು ಅದರ ಜಾಗಕ್ಕೆ ತಳ್ಳಿ ಹೊಲಿದರು. ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನು ತೆಗೆದು ಹೊಸ ಎಸಿಎಲ್ ಮಾಡಿ ಕೂರಿಸಿದರು. ಆ ರಜ್ಜು ತೆಗೆಯಲು ಮೂರನೆಯದೊಂದು ಗಾಯವೂ ಆಗುತ್ತದೆ ಎಂಬುದನ್ನು ಎರಡೇ ತೂತು ಎನ್ನುವವರು ಹೇಳುವುದಿಲ್ಲ.

ಗಾಯ ಬೇಗ ಮಾಯಿತು. ಮಂಡಿ ಬೇಗ ಮಾಯಲಿಲ್ಲ. ಹೊಲಿದ ಮೆನಿಸ್ಕಸ್ ಕೂಡಿಕೊಳ್ಳಲೆಂದು ಮೊದಮೊದಲು ಊರುಗೋಲು ಹಿಡಿದು ಭಾರ ಹಾಕದೆ ನಡೆಯಬೇಕಾಯಿತು, ಆಳವಾಗಿ ಮಡಚುವುದು ತಿಂಗಳುಗಟ್ಟಲೆ ನಿಷೇಧವಾಗಿತ್ತು, ಆಟಕ್ಕೆ ಮರಳುವ ಮಾತನ್ನು 9 ತಿಂಗಳ ಮೊದಲು ಎತ್ತಲೇಬಾರದು ಎಂದಿದ್ದರು. ಹೀಗಿದ್ದರೂ ನನ್ನಂಥ ಪೆಟ್ಟಿಗೆ ಇದು ಬೇಕೇ ಬೇಕಾಗಿದ್ದ ಶಸ್ತ್ರಚಿಕಿತ್ಸೆ. ನಿಮ್ಮ ತಾಯಿಯವರ ಸಂಗತಿ ಇದರ ಹತ್ತಿರವೂ ಬರುವಂತೆ ಕಾಣುವುದಿಲ್ಲ.


ಬಸವನಗುಡಿಯವರು:

ಮೇಲಿನ ಉತ್ತರಗಳನ್ನು ಗೌರವದಿಂದಲೇ ಓದಿದ್ದೇನೆ, ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ನಮ್ಮ ಭಾವನವರಿಗೆ 60 ವರ್ಷ. ಇದೇ ರೀತಿಯ ಸೀಳು, ಇದೇ ರೀತಿಯ ವರದಿ. ಆರ್ತ್ರೋಸ್ಕೋಪಿ ಮಾಡಿಸಿಕೊಂಡ ಮೇಲೆ ಈಗ ಲಾಲ್‌ಬಾಗಿನಲ್ಲಿ ನಿತ್ಯವೂ ವಾಕಿಂಗ್ ಹೋಗುತ್ತಾರೆ. ಕಣ್ಣೆದುರು ಗುಣವಾದವರಿರುವಾಗ ವಿದೇಶದ ಅಂಕಿಅಂಶಗಳನ್ನು ಮುಂದಿಟ್ಟು ಜನರನ್ನು ಹಿಂಜರಿಯುವಂತೆ ಮಾಡುವುದು ಎಷ್ಟು ಸರಿ? ನೋವನ್ನು ನುಂಗಿಕೊಂಡು ಮಾತ್ರೆಯ ಮೇಲೆ ದಿನ ದೂಡಿದರೆ ಹೊಟ್ಟೆ, ಮೂತ್ರಪಿಂಡಗಳ ಗತಿಯೇನು ಎಂಬುದನ್ನೂ ವೈದ್ಯರು ಹೇಳಬೇಕಲ್ಲವೇ?


ಎಲುಬುವೈದ್ಯ (ದಾವಣಗೆರೆ):

ನಿಮ್ಮ ಭಾವನವರು ಗುಣವಾದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವರು ಗುಣವಾದದ್ದು ಮೆನಿಸ್ಕಸ್ ಕತ್ತರಿಸಿದ್ದರಿಂದಲೇ ಎಂಬುದನ್ನು ಮಾತ್ರ ಅವರೊಬ್ಬರನ್ನೇ ನೋಡಿ ತೀರ್ಮಾನಿಸಲಾಗದು. ಮಂಡಿನೋವು ಏರಿಳಿಯುವ ನೋವು. ಅದು ಅತ್ಯಂತ ಜೋರಾಗಿದ್ದಾಗಲೇ ನಾವು ಆಸ್ಪತ್ರೆಗೆ ಹೋಗುತ್ತೇವೆ. ಆಮೇಲೆ ಅದು ಇಳಿಯುವ ಸರದಿಯೂ ಬರುತ್ತದೆ. ಶಸ್ತ್ರಚಿಕಿತ್ಸೆಯಾದವರು ವಿಶ್ರಾಂತಿ ತೆಗೆದುಕೊಳ್ಳುತ್ತಾರೆ, ಫಿಸಿಯೋಥೆರಪಿ ಮಾಡುತ್ತಾರೆ, ತೂಕದ ಕಡೆ ಗಮನ ಕೊಡುತ್ತಾರೆ. ಇವುಗಳಲ್ಲಿ ಯಾವುದರಿಂದ ಎಷ್ಟು ಗುಣವಾಯಿತು ಎಂದು ತಿಳಿಯಲು ಒಂದೇ ದಾರಿಯಿದೆ: ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆಯನ್ನೂ ಕೆಲವರಿಗೆ ತೋರಿಕೆಯದನ್ನೂ ಮಾಡಿ, ಯಾರಿಗೆ ಯಾವುದಾಯಿತೆಂದು ರೋಗಿಗೆ ತಿಳಿಸದೆ ಹೋಲಿಸುವುದು.

ಇದನ್ನು ನಿಜಕ್ಕೂ ಮಾಡಿದ್ದಾರೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮಂಡಿ ಸವೆದಿದ್ದ 180 ಮಂದಿಯನ್ನು, ಅವರ ಒಪ್ಪಿಗೆ ಪಡೆದೇ, ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೀಲನ್ನು ತೊಳೆದು ಒಳಗಿನ ಸವೆದ ಎಳೆಗಳನ್ನು ಕತ್ತರಿಸಿ ನಯಮಾಡಿದರು, ಇನ್ನೊಂದಕ್ಕೆ ಬರೀ ತೊಳೆದರು, ಮೂರನೆಯದಕ್ಕೆ ಚರ್ಮದ ಮೇಲೆ ಗಾಯ ಮಾಡಿ, ತೊಳೆಯುವ ಸದ್ದು ಕೇಳಿಸಲೆಂದು ಸಲೈನನ್ನು ಚಿಮುಕಿಸಿ ಹೊಲಿದು ಕಳುಹಿಸಿದರು. ಎರಡು ವರ್ಷ ಗಮನಿಸಿದಾಗ ಮೂರೂ ಗುಂಪುಗಳ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2002ರಲ್ಲಿ ಅದು ಪ್ರಕಟವಾದಾಗ ನಮ್ಮ ವೃತ್ತಿಯವರು ಸಾಕಷ್ಟು ಸಿಟ್ಟಾದರು. ಅದು ಸವೆದ ಮಂಡಿಯ ಮಾತು, ಮೆನಿಸ್ಕಸ್ ಹರಿದವರ ಮಾತೇ ಬೇರೆ ಎಂದು ವಾದಿಸಿದರು. ಆ ವಾದಕ್ಕೆ ಉತ್ತರ ಫಿನ್‌ಲೆಂಡಿನಿಂದ 2013ರಲ್ಲಿ ಬಂದಿತು. 35ರಿಂದ 65 ವರ್ಷದ, ಎಕ್ಸ್‌ರೇಯಲ್ಲಿ ಸವಕಳಿ ಇಲ್ಲದ, ಒಳಪಕ್ಕದ ಮೆನಿಸ್ಕಸ್ ವಯಸ್ಸಿನಿಂದ ಹರಿದಿದ್ದ 146 ಮಂದಿಯ ಮೇಲೆ ಇದೇ ಬಗೆಯ ಹೋಲಿಕೆ ನಡೆಯಿತು. ಒಂದು ವರ್ಷದ ಕೊನೆಗೆ ಎರಡೂ ಗುಂಪಿನವರು ಚೆನ್ನಾಗಿಯೇ ಸುಧಾರಿಸಿದ್ದರು, ಕತ್ತರಿಸಿಕೊಂಡವರು ಹೆಚ್ಚು ಸುಧಾರಿಸಿರಲಿಲ್ಲ. ಹೀಗೆ ಹಲವು ಪ್ರಯೋಗಗಳು ಒಂದೇ ದಿಕ್ಕನ್ನು ತೋರಿಸಿದ ಮೇಲೆಯೇ, ಸವೆತದಿಂದಾದ ಮಂಡಿನೋವಿಗೆ ಆರ್ತ್ರೋಸ್ಕೋಪಿ ಬೇಡವೆಂಬ ಖಡಾಖಂಡಿತ ಮಾರ್ಗಸೂಚಿಯನ್ನು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿತು. ದೊಡ್ಡ ಪೆಟ್ಟು ಬಿದ್ದು ತಕ್ಷಣ ಊದಿಕೊಂಡ ಮಂಡಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಕಬಡ್ಡಿ ಆಟಗಾರರ ಪ್ರಸಂಗ ಹಾಗಾಗಿ ಆ ಗೆರೆಯ ಆಚೆಗಿದೆ.

ವಿದೇಶದ ಮಂಡಿ ಬೇರೆ, ನಮ್ಮ ಮಂಡಿ ಬೇರೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ನಾವು ನೆಲದ ಮೇಲೆ ಕೂರುವವರು. ಪ್ರಾಸಂಗಿಕವಾಗಿ ಹೇಳುವುದಾದರೆ, ಮಂಡಿಯೊಳಗೆ ನಳಿಗೆ ಹಾಕಿ ನೋಡಿದ ಮೊದಲಿಗರಲ್ಲಿ ಒಬ್ಬರಾದ ಟೋಕಿಯೋದ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಉಪಕರಣವನ್ನೇ ಮೃತದೇಹದ ಮಂಡಿಗೆ ಇಳಿಸಿದ್ದು ಇಂಥದೇ ಚಿಂತೆಯಿಂದ. ಕ್ಷಯದಿಂದ ಮಂಡಿ ಸೆಟೆದುಹೋದರೆ ಮಂಡಿಯೂರಿ ಕೂರುವ ಜಪಾನೀಯರಿಗೆ ಬಾಳೇ ಕಷ್ಟವಾಗುತ್ತಿತ್ತು, ಆ ರೋಗವನ್ನು ಬೇಗ ಗುರುತಿಸುವುದು ಅವರ ಉದ್ದೇಶವಾಗಿತ್ತು. ಅವರ ಶಿಷ್ಯರಾದ ಮಸಾಕಿ ವಾತಾನಾಬೆ 1962ರಲ್ಲಿ ಅದೇ ದಾರಿಯಲ್ಲಿ ಮೆನಿಸ್ಕಸ್‌ನ ಹರಿದ ಭಾಗವನ್ನು ತೆಗೆದರು. ಉಪಕರಣ ಅದ್ಭುತವಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ನನ್ನ ಜೀವನೋಪಾಯದಲ್ಲಿ ಅದರ ಪಾಲೂ ಇದೆ. ತೂತು ಎಷ್ಟು ಸಣ್ಣದು ಎಂಬುದು ಗಾಯದ ಲೆಕ್ಕ; ಒಳಗೆ ಹೋಗಿ ಮಾಡುವ ಕೆಲಸದಿಂದ ಈ ರೋಗಿಗೆ ಏನು ಸಿಗುತ್ತದೆ ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ಸಣ್ಣ ಶಸ್ತ್ರಚಿಕಿತ್ಸೆಯಾದರೂ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಚರ್ಮದ ಜೋಮು ಇವುಗಳ ಸಾಧ್ಯತೆ, ಕಡಿಮೆಯೇ ಆದರೂ, ಇದ್ದೇ ಇದೆ.

ಮಾತ್ರೆಯ ಬಗ್ಗೆ ನೀವು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದು ಶಸ್ತ್ರಚಿಕಿತ್ಸೆಗೆ ಬದಲಿಯಲ್ಲ. ಬದಲಿ ಎಂದರೆ ವ್ಯಾಯಾಮ, ಮತ್ತು ಅದನ್ನು ಔಷಧಿಯಷ್ಟೇ ಗಂಭೀರವಾಗಿ ಮಾಡಬೇಕು.


ಅಂಗಸಾಧಕಿ (ಧಾರವಾಡ):

ನಾನು ಫಿಸಿಯೋಥೆರಪಿಸ್ಟ್. ವ್ಯಾಯಾಮ ಮಾಡಿ ಎಂದು ಒಂದು ಹಾಳೆಯ ಮೇಲೆ ಚಿತ್ರ ಬರೆದುಕೊಟ್ಟು ಕಳುಹಿಸುವುದರಿಂದಲೇ ಬಹುಪಾಲು ಜನರಿಗೆ ಅದು ಫಲಿಸುವುದಿಲ್ಲ. ಆಮೇಲೆ ಅವರು ವ್ಯಾಯಾಮವೂ ಆಯಿತು, ಗುಣವಾಗಲಿಲ್ಲ ಎಂದು ಶಸ್ತ್ರಚಿಕಿತ್ಸೆಗೆ ಹೊರಡುತ್ತಾರೆ. ನಾರ್ವೆಯಲ್ಲಿ 140 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವ್ಯಾಯಾಮವು ಶಸ್ತ್ರಚಿಕಿತ್ಸೆಗೆ ಸಮನಾಗಿ ನಿಂತದ್ದು 12 ವಾರಗಳ ಕಾಲ, ವಾರಕ್ಕೆ ಎರಡು ಮೂರು ಬಾರಿ, ಹಂತಹಂತವಾಗಿ ಭಾರ ಹೆಚ್ಚಿಸುತ್ತಾ, ತರಬೇತಿ ಪಡೆದವರ ಕಣ್ಣೆದುರಿನಲ್ಲಿ ಮಾಡಿಸಿದ್ದರಿಂದ. ಆ ಗುಂಪಿನಲ್ಲಿಯೂ ಐವರಲ್ಲಿ ಸುಮಾರು ಒಬ್ಬರು ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು ಎಂಬುದನ್ನೂ ಹೇಳಿಬಿಡುತ್ತೇನೆ. ವ್ಯಾಯಾಮ ಎಲ್ಲರಿಗೂ ಸಾಕಾಗುತ್ತದೆ ಎಂದು ನಾನು ಮಾತು ಕೊಡಲಾರೆ.

ತಾಯಿಯವರು ಆರಂಭಿಸಬೇಕಾದದ್ದು ತೊಡೆಯ ಮುಂಭಾಗದ ಸ್ನಾಯುವಿನಿಂದ. ಮಂಚದ ಮೇಲೆ ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡುವುದು ಮೊದಲ ಮೆಟ್ಟಿಲು. ಇದು ಸಲೀಸಾದ ಮೇಲೆ ಮಂಡಿಯನ್ನು ನೆಟ್ಟಗಿಟ್ಟು ಕಾಲೆತ್ತುವುದು, ಪಕ್ಕಕ್ಕೆ ಮಲಗಿ ಕಾಲೆತ್ತಿ ಸೊಂಟದ ಬದಿಯ ಸ್ನಾಯುವನ್ನು ಬಲಪಡಿಸುವುದು. ನಂತರ ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಕುರ್ಚಿಯ ಎತ್ತರವನ್ನು ವಾರದಿಂದ ವಾರಕ್ಕೆ ತಗ್ಗಿಸುತ್ತಾ ಹೋದರೆ ಅದೇ ದೊಡ್ಡ ಸಾಧನೆ. ವ್ಯಾಯಾಮ ಮಾಡುವಾಗ ಸಹಿಸಬಹುದಾದಷ್ಟು ನೋವು ಬಂದರೆ ಭಯಪಡಬೇಕಾಗಿಲ್ಲ. ಆ ನೋವು ಮರುದಿನ ಬೆಳಿಗ್ಗೆಯೂ ಉಳಿದರೆ ಅಥವಾ ಮಂಡಿ ಊದಿದರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ.

ಮೆಟ್ಟುಗತ್ತಿಯ ಕೆಲಸವನ್ನು ಪೂರ್ತಿ ಬಿಡಿ ಎಂದರೆ ಅಡಕೆ ಬೆಳೆಗಾರರ ಮನೆಯಲ್ಲಿ ಅದು ನಡೆಯುವ ಮಾತಲ್ಲ ಎಂದು ಬಲ್ಲೆ. ಸದ್ಯಕ್ಕೆ ಎತ್ತರದ ಮಣೆಯ ಮೇಲೆ ಕುಳಿತು, ಕಾಲು ಚಾಚಿಕೊಳ್ಳಲು ಜಾಗವಿಟ್ಟುಕೊಂಡು, ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಮನೆಯಲ್ಲಿ ಕುಕ್ಕರಗಾಲಿನ ಶೌಚಾಲಯವಿದ್ದರೆ ಅದರ ಮೇಲಿಡುವ ಕುರ್ಚಿ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ತೂಕ ಹೆಚ್ಚಿದ್ದರೆ ಅದನ್ನೂ ಇಳಿಸಬೇಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.


ತೋಟದಮನೆ (ಸಾಗರ):

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ವೈದ್ಯರು ಕೇಳಿದ ಪ್ರಶ್ನೆಗಳನ್ನು ತಾಯಿಯವರಲ್ಲಿ ವಿಚಾರಿಸಿದೆ. ಮಂಡಿ ಸಿಕ್ಕಿಹಾಕಿಕೊಂಡದ್ದು ಎಂದೂ ಇಲ್ಲ. ನೋವು ಮೆಲ್ಲಮೆಲ್ಲನೆ ಹೆಚ್ಚಾದದ್ದೇ ಹೊರತು ‘ಟಕ್’ ಎಂದ ನೆನಪಿಲ್ಲ. ವರದಿಯ ಎರಡನೆಯ ಪುಟದಲ್ಲಿ ಮೆನಿಸ್ಕಸ್‌ನ ಬೇರುಗಳು ಸರಿಯಾಗಿವೆ, ಲಿಗಮೆಂಟ್‌ಗಳೂ ಸರಿಯಾಗಿವೆ ಎಂದು ಬರೆದಿದೆ. ಶಸ್ತ್ರಚಿಕಿತ್ಸೆಯನ್ನು ಸದ್ಯಕ್ಕೆ ಮುಂದೂಡಿ, ಸಾಗರದಲ್ಲಿಯೇ ಫಿಸಿಯೋಥೆರಪಿ ಆರಂಭಿಸುವುದೆಂದು ಮನೆಯಲ್ಲಿ ಮಾತಾಡಿಕೊಂಡಿದ್ದೇವೆ. ನೋವು ತೀರಾ ಜೋರಾದರೆ ಮಂಡಿಗೆ ಇಂಜೆಕ್ಷನ್ ಕೊಡಿಸಬಹುದೇ? ರಕ್ತ ತೆಗೆದು ಸಂಸ್ಕರಿಸಿ ಮಂಡಿಗೇ ಕೊಡುವ ಪಿಆರ್‌ಪಿ ಎಂಬ ಇಂಜೆಕ್ಷನ್ನಿನ ಜಾಹೀರಾತನ್ನೂ ನೋಡಿದ್ದೇವೆ.


ಎಲುಬುವೈದ್ಯ (ದಾವಣಗೆರೆ):

ಬೇರು ಸರಿಯಾಗಿದ್ದರೆ, ಮಂಡಿ ಸಿಕ್ಕಿಕೊಳ್ಳದಿದ್ದರೆ ನಿಮ್ಮ ತೀರ್ಮಾನ ಸರಿಯಾದದ್ದೇ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರಗಳ ಮಟ್ಟಿಗೆ ನೋವನ್ನು ಇಳಿಸುತ್ತದೆ. ವ್ಯಾಯಾಮ ಮಾಡಲೂ ಆಗದಷ್ಟು ನೋವಿದ್ದಾಗ ಆ ವಾರಗಳನ್ನು ಸಂಪಾದಿಸಿಕೊಳ್ಳಲು ಒಂದೆರಡು ಬಾರಿ ಕೊಡಿಸಬಹುದು, ಪದೇ ಪದೇ ಬೇಡ. ತಾಯಿಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ, ಏಕೆಂದರೆ ಇಂಜೆಕ್ಷನ್ ಆದ ಕೆಲವು ದಿನ ಸಕ್ಕರೆ ಏರುತ್ತದೆ. ಪಿಆರ್‌ಪಿಗೆ ನಾನು ಹಣ ಖರ್ಚು ಮಾಡಿಸಲಾರೆ. ಆಸ್ಟ್ರೇಲಿಯಾದಲ್ಲಿ ಸವೆದ ಮಂಡಿಯ 288 ಮಂದಿಯಲ್ಲಿ ಅದನ್ನು ಬರೀ ಸಲೈನಿನ ಜೊತೆ ಹೋಲಿಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ.

ಮೂರು ತಿಂಗಳು ಬಿಡದೆ ವ್ಯಾಯಾಮ ಮಾಡಿದ ಮೇಲೂ ಸುಧಾರಣೆ ಕಾಣದಿದ್ದರೆ ಮತ್ತೊಮ್ಮೆ ತೋರಿಸಿ. ಮಂಡಿ ಸಿಕ್ಕಿಹಾಕಿಕೊಂಡು ನೆಟ್ಟಗಾಗದಿದ್ದರೆ, ಅಥವಾ ಜ್ವರದೊಂದಿಗೆ ಮಂಡಿ ಕೆಂಪಾಗಿ ಊದಿದರೆ, ಮೂರು ತಿಂಗಳು ಕಾಯದೆ ತಕ್ಷಣ ಹೋಗಿ. ಎರಡನೆಯ ಅಭಿಪ್ರಾಯಕ್ಕೆ ಯಾರ ಬಳಿ ಹೋದರೂ ವರದಿಯ ಹಾಳೆಯ ಜೊತೆಗೆ ಎಂಆರ್‌ಐನ ಫಿಲ್ಮ್ ಅಥವಾ ಸಿಡಿಯನ್ನೂ ಒಯ್ಯಿರಿ. ನಿಂತುಕೊಂಡು ತೆಗೆಸಿದ ಎಕ್ಸ್‌ರೇ ಇಲ್ಲದಿದ್ದರೆ ಅದನ್ನು ಮೊದಲು ತೆಗೆಸಿಕೊಳ್ಳಿ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೈಭಾರ ಬಿದ್ದಾಗ ಕೀಲಿನ ಸಂದು ಎಷ್ಟು ಕಿರಿದಾಗುತ್ತದೆ ಎಂಬುದು ತಿಳಿಯುವುದಿಲ್ಲ.